ಇಪ್ಪತ್ತೇಳು ನಿಮಿಷ

ಮೂತ್ರಪಿಂಡದ ಕೆಲಸವನ್ನು ಅಂಗೈಯಗಲದ ಡಬ್ಬಿಯೊಂದು ಮಾಡುವಂತಾದರೆ ಏನಾಗುತ್ತದೆ? ವಿಶೇಷವೇನೂ ಆಗುವುದಿಲ್ಲ. ಸಾಯಬೇಕಿದ್ದವರು ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಪಡುನಾಡಿನಲ್ಲಿ ಅಂಥವರು ಮೂವತ್ತೆಂಟು ಸಾವಿರ ಮಂದಿ ಇದ್ದರು. ಕಂಡುಹಿಡಿದವರು ಆ ಡಬ್ಬಿಗೆ ಇಟ್ಟ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಜನ ಜರಡಿ ಎಂದರು, ಸರ್ಕಾರಿ ಕಾಗದದಲ್ಲೂ ಅದೇ ಉಳಿಯಿತು.

ಜರಡಿಯೊಳಗೆ ಕೂದಲಿಗಿಂತ ತೆಳುವಾದ ನಳಿಕೆಗಳು, ನಳಿಕೆಗಳ ಒಳಮೈಗೆ ಅಂಟಿಕೊಂಡ ಜೀವಂತ ಕೋಶಗಳು. ಸೊಂಟದ ಹತ್ತಿರ ಚರ್ಮಕ್ಕೆ ಹೊಲಿದ ಎರಡು ಕೊಳವೆಗೆ ಅದನ್ನು ಸಿಕ್ಕಿಸಿ ಮೇಲೆ ಪಟ್ಟಿ ಕಟ್ಟಿದರೆ ಮುಗಿಯಿತು. ರಕ್ತ ಒಂದು ಕಡೆ ಒಳಹೋಗಿ ಇನ್ನೊಂದು ಕಡೆ ಸೋಸಿಕೊಂಡು ಬರುತ್ತದೆ. ಕೋಶಗಳನ್ನು ಬೆಳೆಸುವ ತಾಯಿತೊಟ್ಟಿಯಿಂದ ಹೊರಗೆ ಬಂದ ಮೇಲೆ ಅವು ಬದುಕುವುದು ತೊಂಬತ್ತಾರು ಗಂಟೆ. ಲಾರಿಯಲ್ಲಿ ಬಂದು ಊರೂರಿಗೆ ಹಂಚಿಕೆಯಾಗಲು ಇಪ್ಪತ್ತು ಗಂಟೆ, ರೋಗಿಯ ಸೊಂಟದಲ್ಲಿ ಎಪ್ಪತ್ತೆರಡು ಗಂಟೆ. ಮಿಗುವುದು ನಾಲ್ಕೇ ಗಂಟೆ. ಹಾಗಾಗಿ ಕೂಡಿಡುವ ಮಾತೇ ಇಲ್ಲ. ವಿಮಾನದಲ್ಲಿ ತರಲು ನೋಡಿದರು. ಮೇಲೆ ಗಾಳಿಯ ಒತ್ತಡ ಇಳಿದಾಗ ಕೋಶಗಳು ನಳಿಕೆಯ ಗೋಡೆ ಬಿಟ್ಟು ಉದುರಿಹೋದವು.

ತಾಯಿತೊಟ್ಟಿಗಳಿದ್ದದ್ದು ಪಕ್ಕದ ದೇಶವಾದ ಮೂಡುನಾಡಿನಲ್ಲಿ. ಆಗ ಅದು ಯಾರಿಗೂ ಕೊರತೆ ಅನ್ನಿಸಿರಲಿಲ್ಲ. ಐದು ದೇಶ ಸೇರಿ ಐನಾಡು ಕೂಟ ಕಟ್ಟಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಕೂಟದೊಳಗೆ ಲಾರಿಗಳಿಗೆ ಗಡಿ ಎಂಬುದೇ ಇರಲಿಲ್ಲ. ಯಾರಿಗೆ ಯಾವುದು ಬರುತ್ತದೋ ಅವರು ಅದನ್ನು ಮಾಡುವುದು ಎಂದು ಒಪ್ಪಂದ. ಮೂಡುನಾಡಿಗೆ ಜರಡಿ, ಪಡುನಾಡಿಗೆ ಬಂದರು. ಪಡುನಾಡಿನವರು ತಮ್ಮ ಡಯಾಲಿಸಿಸ್ ಕೇಂದ್ರಗಳನ್ನು ಮುಚ್ಚಿ ಯಂತ್ರಗಳನ್ನು ಗುಜರಿಗೆ ಹಾಕಿದರು. ಈಗ ಮೂಡುನಾಡು, ಪಡುನಾಡಿನವರು ಬಂದರಿನಲ್ಲಿ ತನ್ನ ಹಡಗುಗಳನ್ನು ಬೇಕೆಂದೇ ಕಾಯಿಸುತ್ತಾರೆಂದು ಸಿಟ್ಟಾಗಿ, ಜನರ ಮತ ಕೇಳಿ, ಕೂಟ ಬಿಟ್ಟು ಹೊರಟಿತ್ತು. ಹೊರಡಲು ಇನ್ನು ಹತ್ತೊಂಬತ್ತು ದಿನ.

ಜರಡಿ ಬದಲಿಸುವ ದಿನ ಮಾದೇವಸ್ವಾಮಿಯ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಏಳಕ್ಕೇ ಗದ್ದಲ. ಅವನದು ಮಿಕ್ಸಿ, ಕುಕ್ಕರ್ ರಿಪೇರಿ ಅಂಗಡಿ; ಜರಡಿ ಕಟ್ಟಿಕೊಂಡು ಹನ್ನೊಂದು ವರ್ಷ. ಪಕ್ಕದ ಮನೆಯ ಸಾಕಮ್ಮ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ತನ್ನ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದಳು. ಮಾದೇವಸ್ವಾಮಿಯ ಹೆಂಡತಿ, ಮೂಡುನಾಡಿನಿಂದ ಬಂದ ನಾಗಮಣಿಯಷ್ಟು ನಡುಗದ ಕೈ ಆ ಬೀದಿಯಲ್ಲಿ ಇನ್ನೊಬ್ಬರದಿರಲಿಲ್ಲ.

"ಏನೋ ಮಾದೇವ, ನಿನ್ನ ಮಿಕ್ಸಿ ಇನ್ನೂ ತಿರುಗ್ತಿದ್ಯಾ?" ಸಾಕಮ್ಮ ಗೇಟಿನಿಂದಲೇ ಕೂಗಿದಳು.

"ನಮ್ಮದು ಗ್ಯಾರಂಟಿ ಮಾಲು ಅಕ್ಕ. ನಿಮ್ಮದೇ ಸದ್ದು ಜಾಸ್ತಿ."

"ಸದ್ದು ನಂದಲ್ಲ ಕಣೋ, ಜರಡೀದು."

"ಜರಡಿ ಸದ್ದು ಮಾಡಲ್ಲ. ಅದಕ್ಕೆ ಮರ್ಯಾದೆ ಇದೆ."

"ಮಾತಾಡಿದ್ರೆ ಕೊಳವೆ ಅಲ್ಲಾಡುತ್ತೆ. ಇಬ್ರೂ ಬಾಯಿ ಮುಚ್ಕೊಳ್ಳಿ," ಎಂದು ನಾಗಮಣಿ ಕೈಗವಸು ಹಾಕಿಕೊಂಡು ಕುಳಿತಳು. ಸಾಕಮ್ಮ ಸುಮ್ಮನಿರುವ ಪೈಕಿ ಅಲ್ಲ.

"ಅಲ್ಲ ಕಣೇ, ನಿಮ್ಮ ತವರು ದೇಶದೋರಿಗೆ ಏನು ಬಂತೇ ಕೇಡು? ಬಿಟ್ಟು ಹೋಗ್ತಾರಂತಲ್ಲ."

"ನನ್ನ ಕೇಳಿ ಹೋಗ್ತಿದಾರಾ? ಮದುವೇಲಿ ಕೊಡ್ತೀನಿ ಅಂದ ಮಂಚಾನೇ ನಮ್ಮಪ್ಪ ಇನ್ನೂ ಕಳಿಸಿಲ್ಲ."

ಒಳಗಿನಿಂದ ದಾಕ್ಷಾಯಿಣಿ ಬ್ಯಾಗು ಏರಿಸಿಕೊಂಡು ಬಂದಳು. ಮಾದೇವಸ್ವಾಮಿಯ ತಂಗಿ, ವಯಸ್ಸು ಮೂವತ್ಮೂರು. ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಗಿತ್ತು, ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಂಕಿಅಂಶ ಓದಿದವಳು, ಮೂಡುನಾಡು ಹೊರಡುವ ದಿನಕ್ಕೆಂದು ಸರ್ಕಾರ ತೆರೆದ ಸಿದ್ಧತಾ ಕಚೇರಿಯಲ್ಲಿ ಕೆಲಸ.

"ದಾಕ್ಷಿ, ಜರಡಿಗೆ ತೊಂದ್ರೆ ಇಲ್ಲ ತಾನೆ?" ಸಾಕಮ್ಮ ಕೇಳಿದಳು. ಪ್ರತಿ ಸಲವೂ ಕೇಳುತ್ತಿದ್ದಳು.

"ಇಲ್ಲ ಅಕ್ಕ. ನಮ್ಮ ಪರದೇಲಿ ಹಸಿರಿದೆ. ಗಡೀಲಿ ಹನ್ನೆರಡು ಲಾರಿ ತಪಾಸಣೆಗೆ ಬರೀ ಇಪ್ಪತ್ತೇಳು ನಿಮಿಷ."

"ನಮ್ಮ ದಾಕ್ಷೀನೇ ಗಡಿಯಾರ ಹಿಡಿದು ಬರ್ಕೊಂಡಿದ್ದು," ಎಂದ ಮಾದೇವಸ್ವಾಮಿ. "ಟೀವೀಲಿ ಮಂತ್ರಿ ಹೇಳೋದು ನಮ್ಮ ಮನೆ ಲೆಕ್ಕ."

*

ಸಿದ್ಧತಾ ಕಚೇರಿಯ ನಿಯಂತ್ರಣ ಕೊಠಡಿ ನಾಲ್ಕನೆಯ ಮಹಡಿಯಲ್ಲಿತ್ತು. ಗೋಡೆಯಗಲದ ಪರದೆಯ ಮೇಲೆ 'ಮುನ್ನೋಟ' ಓಡುತ್ತಿತ್ತು. ಗಡಿ ದಾಟುವ ಆರು ಸಾವಿರ ಬಗೆಯ ಸರಕು, ಪ್ರತಿ ಲಾರಿ, ಪ್ರತಿ ರಸ್ತೆ, ಎಲ್ಲವನ್ನೂ ಒಳಗಿಟ್ಟುಕೊಂಡು, ಹೊರಡುವ ದಿನ ಏನಾಗುತ್ತದೆಂದು ಮುಂಚೆಯೇ ಆಡಿ ತೋರಿಸುವ ಗಣಕ ಅದು. ಜರಡಿ ಕಟ್ಟಿದ ಮೂವತ್ತೆಂಟು ಸಾವಿರ ಜನರೂ ಅದರೊಳಗೆ ಚುಕ್ಕಿಗಳಾಗಿದ್ದರು. ಒಬ್ಬೊಬ್ಬರ ತೂಕ, ವಯಸ್ಸು, ರಕ್ತದ ಪರೀಕ್ಷೆ ಎಲ್ಲ ಸೇರಿ ಒಂದು ಹಸಿರು ಚುಕ್ಕಿ. ಮುನ್ನೋಟ ತಾನಾಗಿ ಏನನ್ನೂ ಊಹಿಸುತ್ತಿರಲಿಲ್ಲ. ಕೊಟ್ಟ ಸಂಖ್ಯೆಯನ್ನು ನಂಬುತ್ತಿತ್ತು.

ಆ ದಿನ ಹನ್ನೊಂದರ ಹೊತ್ತಿಗೆ ಇಲಾಖೆಯ ಲಾರಿ ಡ್ರೈವರ್ ಚಿಕ್ಕಹನುಮಯ್ಯ ಒಂದು ಹಳೆಯ ಪುಸ್ತಕ ಹಿಡಿದುಕೊಂಡು ದಾಕ್ಷಾಯಿಣಿಯ ಮೇಜಿನ ಮುಂದೆ ನಿಂತ. ಲಾರಿಯ ದಿನಚರಿ. ಯಾವ ದಿನ ಗಾಡಿ ಎಷ್ಟು ಗಂಟೆಗೆ ಎಲ್ಲಿತ್ತು ಎಂಬುದಕ್ಕೆ ಜೊತೆಗಿದ್ದ ಅಧಿಕಾರಿಯ ಸಹಿ ಬೇಕು. ಇಲ್ಲದಿದ್ದರೆ ಗ್ಯಾರೇಜಿನವರು ಗಾಡಿ ಮುಟ್ಟುವುದಿಲ್ಲ.

"ಮೇಡಂ, ಕಲ್ಲುಗೋಡಿನ ಅಣಕು ತಪಾಸಣೆ ದಿನದ್ದೊಂದು ಸಹಿ ಬಿಟ್ಟೋಗಿದೆ."

ಕಲ್ಲುಗೋಡು ಗಡಿಯ ಸೇತುವೆ. ಮೂರು ತಿಂಗಳ ಹಿಂದೆ ಎರಡೂ ದೇಶದವರು ಸೇರಿ ಅಲ್ಲಿ ಒಂದು ತಾಲೀಮು ಮಾಡಿದ್ದರು. ಹನ್ನೆರಡು ಲಾರಿಗಳನ್ನು ನಿಲ್ಲಿಸಿ, ಗಡಿ ಬಂದ ಮೇಲೆ ಹೇಗೋ ಹಾಗೆ ಕಾಗದ, ಮುದ್ರೆ, ಸರಕು ತೆಗೆದು ನೋಡುವುದು ಎಲ್ಲ ಮಾಡಿ ದಾಟಿಸುವುದು. ವೇಳೆ ಬರೆದುಕೊಂಡವಳು ದಾಕ್ಷಾಯಿಣಿ.

ಅವಳು ಪೆನ್ನು ತೆಗೆದು ಪುಟ ನೋಡಿದಳು. ತಲುಪಿದ್ದು ಬೆಳಿಗ್ಗೆ ಆರು ಗಂಟೆ. ಸೇತುವೆ ದಾಟಿದ್ದು ಹನ್ನೊಂದು ನಲವತ್ತೇಳು.

"ಆರು ಗಂಟೆಗೇ ಹೋಗಿ ಏನ್ ಮಾಡಿದ್ರಿ ಹನುಮಯ್ಯ?"

"ಏನ್ ಮಾಡೋದು ಮೇಡಂ? ಗಡಿ ಠಾಣೆಯೋರು ಶುರು ಹಚ್ಕೊಂಡ್ರು. ಟಾರ್ಪಾಲು ಬಿಚ್ಚು ಅಂದ್ರು, ಬಿಚ್ಚಿದ್ವಿ. ಪೆಟ್ಟಿಗೆ ಇಳಿಸು ಅಂದ್ರು, ಇಳಿಸಿದ್ವಿ. ಒಂದೊಂದು ಗಾಡೀಗೂ ಅರ್ಧರ್ಧ ಗಂಟೆ. ಹನ್ನೊಂದರ ಮೇಲೆ ಹನ್ನೆರಡನೇ ಗಾಡಿ ಮುಗೀತು. ಉಪ್ಪಿಟ್ಟು ಆರಿ ಕಲ್ಲಾಗಿತ್ತು."

"ಅದು ತಪಾಸಣೆ ಅಲ್ವಲ್ಲ. ತಪಾಸಣೆ ಮಂತ್ರಿಗಳು ಬಂದ ಮೇಲೆ ತಾನೆ ಶುರುವಾಗಿದ್ದು?"

ಚಿಕ್ಕಹನುಮಯ್ಯ ಅವಳ ಮುಖ ನೋಡಿದ. "ಅವರು ಬಂದ್ಮೇಲೆ ಇನ್ನೇನಿತ್ತು ಮೇಡಂ? ಕಾಯಿ ಒಡೆದ್ರು, ಗೇಟು ಎತ್ತಿದ್ರು, ಬಂದ್ವಿ."

ದಾಕ್ಷಾಯಿಣಿಗೆ ಆ ಗಳಿಗೆ ಇದ್ದಕ್ಕಿದ್ದಂತೆ ಪೂರ್ತಿ ನೆನಪಾಯಿತು. ಅವಳು ಮಂತ್ರಿಯ ಕಾರುಗಳ ಜೊತೆ ಹನ್ನೊಂದಕ್ಕೆ ತಲುಪಿದ್ದಳು. ಬಾಳೆಕಂದು, ಮಾವಿನ ತೋರಣ. ಲಾರಿಗಳ ಮೂತಿಗೆ ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಠಾಣೆಯ ಅಧಿಕಾರಿಯನ್ನು, "ಶುರುವಾಯ್ತಾ ಸಾರ್?" ಎಂದು ಕೇಳಿದ್ದಳು. "ಎಲ್ಲಿ ಮೇಡಂ, ಇನ್ನೂ ಕಾಯೇ ಒಡೆದಿಲ್ಲ," ಎಂದು ಆತ ನಕ್ಕಿದ್ದ. ಮಂತ್ರಿ ಕಾಯಿ ಒಡೆದ ಕ್ಷಣ, ಹನ್ನೊಂದು ಇಪ್ಪತ್ತಕ್ಕೆ, ಅವಳು ವೇಳೆ ಶುರು ಮಾಡಿದ್ದಳು. ಹನ್ನೆರಡನೆಯ ಲಾರಿ ದಾಟಿದಾಗ ಇಪ್ಪತ್ತೇಳು ನಿಮಿಷ. ಯಾರೂ ಸುಳ್ಳು ಹೇಳಿರಲಿಲ್ಲ. ಮಂತ್ರಿಗಳನ್ನು ಬಿಸಿಲಲ್ಲಿ ಕಾಯಿಸಬಾರದೆಂದು ಠಾಣೆಯವರು ಕೆಲಸ ಮುಂಚೆಯೇ ಮುಗಿಸಿಟ್ಟಿದ್ದರು. ಯಾವ ಕೆಲಸವೂ ಕಾಯಿ ಒಡೆಯುವ ತನಕ ಶುರುವಾದಂತಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ಅವಳು ಸಹಿ ಹಾಕಿ ಪುಸ್ತಕ ಕೊಟ್ಟಳು. ಕೊಡುವ ಮೊದಲು ಆ ಪುಟದ ಚಿತ್ರ ತೆಗೆದುಕೊಂಡಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದ್ದುಹೋದ ಮೇಲೆ ತನ್ನ ಮೇಜಿನ ಗಣಕದಲ್ಲಿ ಮುನ್ನೋಟದ ಒಂದು ಪ್ರತಿ ತೆರೆದಳು. ಹನ್ನೆರಡು ಲಾರಿಗೆ ಇಪ್ಪತ್ತೇಳು ನಿಮಿಷ ಎಂದಿದ್ದದ್ದನ್ನು ಅಳಿಸಿ, ಐದು ಗಂಟೆ ನಲವತ್ತೇಳು ನಿಮಿಷ ಎಂದು ಬರೆದಳು. ಕಲ್ಲುಗೋಡಿನ ಸೇತುವೆ ಒಂದೇ, ದಿನಕ್ಕೆ ಬರುವ ಲಾರಿ ನೂರಿಪ್ಪತ್ತು. ಮೊದಲ ದಿನದ ಕೊನೆಯ ಲಾರಿ ಐವತ್ತೆಂಟು ಗಂಟೆ ನಿಂತಿತು. ಅದರಲ್ಲಿದ್ದ ಜರಡಿಗಳು ಊರು ಸೇರುವ ಹೊತ್ತಿಗೆ ಅವುಗಳ ಆಯುಸ್ಸು ಹದಿನೆಂಟು ಗಂಟೆ ಉಳಿದಿತ್ತು. ಎರಡನೆಯ ದಿನದ ಲಾರಿಗಳು ಅವುಗಳ ಹಿಂದೆ ನಿಂತವು. ಮೂರನೆಯ ದಿನದಿಂದ ಬಂದದ್ದೆಲ್ಲ ಸತ್ತ ಜರಡಿ.

ಆಮೇಲೆ ಚುಕ್ಕಿಗಳು ಆರತೊಡಗಿದವು. ಮೊದಲು ಅಲ್ಲೊಂದು ಇಲ್ಲೊಂದು, ಎಂಟನೆಯ ದಿನದ ನಂತರ ಹಿಂಡು ಹಿಂಡಾಗಿ. ತಿಂಗಳ ಕೊನೆಗೆ ಹನ್ನೊಂದು ಸಾವಿರ. ಚುಕ್ಕಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಆದರೆ ಜರಡಿ ಡಬ್ಬಿಯ ಮೇಲೂ ಅದೇ ಸಂಖ್ಯೆ ಅಚ್ಚಾಗಿರುತ್ತದೆ, ಜಗಲಿಯಲ್ಲಿ ಬಿದ್ದಿದ್ದ ಖಾಲಿ ಡಬ್ಬಿಗಳನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಮಾದೇವಸ್ವಾಮಿ ಹದಿಮೂರನೆಯ ದಿನ ಆರಿದ. ಸಾಕಮ್ಮ ಒಂಬತ್ತನೆಯ ದಿನ.

*

ಕಚೇರಿಯ ಕಾರ್ಯದರ್ಶಿ ಪ್ರಫುಲ್ಲಾ ದೇಸಾಯಿ, ದಾಕ್ಷಾಯಿಣಿ ತಂದ ಹೊಸ ಲೆಕ್ಕವನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಮೂಗಿನ ಬೇರು ಒತ್ತಿಕೊಂಡರು.

"ಯಾರಾದ್ರೂ ಸುಳ್ಳು ಹೇಳಿದ್ರೆ ಸುಲಭ ಇತ್ತು. ಅವರನ್ನ ಹಿಡಿದು ಸಂಖ್ಯೆ ತಿದ್ದಬಹುದಿತ್ತು," ಎಂದರು. "ಇಲ್ಲಿ ಕಾಯಿ ಬಿಟ್ಟು ಇನ್ಯಾರನ್ನ ಹಿಡಿಯೋಣ?"

"ಮೇಡಂ, ಮೂಡುನಾಡಿನೋರು ಔಷಧಿ ಲಾರಿಗೆ ಸೇತುವೆ ಮೇಲೆ ಬೇರೆ ಸಾಲು ಕೊಡ್ತೀವಿ ಅಂದಿದ್ರಲ್ಲ."

"ಅಂದಿದ್ರು. ಬದಲಿಗೆ ಅವರ ಹಡಗು ನಮ್ಮ ಬಂದರಲ್ಲಿ ಕಾಯಬಾರದು ಅಂದ್ರು. ನಮ್ಮ ಮಂತ್ರಿಗಳು ಸಭೇಲಿ ಎದ್ದು ನಿಂತು, ಇಪ್ಪತ್ತೇಳು ನಿಮಿಷಕ್ಕೆ ನಾವು ಯಾರ ಮುಂದೂ ಕೈ ಒಡ್ಡಲ್ಲ ಅಂದುಬಿಟ್ರು. ಚಪ್ಪಾಳೆ ಬಿತ್ತು. ಆ ಮಾತು ಮುಗಿದು ಹನ್ನೊಂದು ದಿನ ಆಯ್ತು."

"ಮತ್ತೆ ಕೇಳಬಹುದಲ್ಲ."

"ಕೇಳಬಹುದು. ನೀವು ಟಿಪ್ಪಣಿ ಬರೀರಿ, ನನ್ನಿಂದ ತಪ್ಪಾಯ್ತು, ಸಂಖ್ಯೆ ಇದಲ್ಲ ಅಂತ. ನಾನು ತಡೆಯಲ್ಲ, ಅವತ್ತೇ ಕಳಿಸ್ತೀನಿ. ವಾಣಿಜ್ಯ, ಕಾನೂನು, ಆರೋಗ್ಯ, ಆಮೇಲೆ ಸಂಪುಟ. ಪ್ರತಿಯೊಬ್ಬರೂ ಇದು ನಮಗೆ ಬಂದದ್ದಲ್ಲ ಅಂತ ಬರೀತಾರೆ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿಮ್ಮ ಅಣ್ಣನಿಗೆ ಜರಡಿ ಇದೆ ಅಲ್ವಾ?"

"ಹೌದು ಮೇಡಂ."

ದೇಸಾಯಿ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವಳ ಕಡೆ ತಿರುಗಿಸಿದರು. ದೇಶದಲ್ಲಿ ಕೆಟ್ಟುಹೋಗದೆ ಉಳಿದಿದ್ದ ಡಯಾಲಿಸಿಸ್ ಯಂತ್ರ ಅರವತ್ನಾಲ್ಕು. ಪಾಳಿ ಮೇಲೆ ಓಡಿಸಿದರೆ ಐನೂರ ಎಪ್ಪತ್ತು ಜನರಿಗೆ ಸಾಕು. ಅದರಲ್ಲಿ ತೊಂಬತ್ತು ಜಾಗ 'ಅತ್ಯಗತ್ಯ ಸಿಬ್ಬಂದಿಯ ಕುಟುಂಬ'ಕ್ಕೆ.

ದಾಕ್ಷಾಯಿಣಿ ಓದಿ ತಲೆಯೆತ್ತಿದಳು. "ಎಲ್ಲ ಹಸಿರಿದ್ದ ಮೇಲೆ ಈ ಪಟ್ಟಿ ಯಾಕೆ ಮೇಡಂ?"

"ಹಸಿರು ಜನಕ್ಕೆ," ಎಂದರು ದೇಸಾಯಿ. ಅವರ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. "ಶನಿವಾರ ಐದು ಗಂಟೆಗೆ ಪಟ್ಟಿ ಮುಚ್ಚುತ್ತೆ. ಅಷ್ಟರೊಳಗೆ ಪ್ರತಿ ಸಿಬ್ಬಂದಿ ತನ್ನ ಅಂಕಿ ಸರಿ ಇದೆ ಅಂತ ಸಹಿ ಹಾಕಬೇಕು, ಹಾಕಿದೋರ ಮನೆಯವರ ಹೆಸರು ಪಟ್ಟಿಗೆ ಹೋಗುತ್ತೆ. ಟಿಪ್ಪಣಿ ಬರೆದರೆ ನೀವು ವಿಚಾರಣೆಯಲ್ಲಿರೋ ಸಿಬ್ಬಂದಿ. ಅತ್ಯಗತ್ಯ ಅಲ್ಲ. ಇದು ನಾನು ಮಾಡಿದ ನಿಯಮ ಅಲ್ಲ, ನಿಮ್ಮನ್ನ ಹೆದರಿಸ್ತಾನೂ ಇಲ್ಲ. ಗೊತ್ತಿರಲಿ ಅಂತ ಹೇಳಿದೆ."

ಅವಳು ಬಾಗಿಲ ಹತ್ತಿರ ಹೋದಾಗ ದೇಸಾಯಿ ಹಿಂದಿನಿಂದ, "ನಾನಾಗಿದ್ರೆ ಏನು ಮಾಡ್ತಿದ್ದೆ ಅಂತ ಕೇಳಬೇಡಿ. ನಮ್ಮ ಅತ್ತೆ ಹೆಸರು ಪಟ್ಟೀಲಿ ನಾಲ್ಕನೇದು," ಎಂದರು.

*

ಶುಕ್ರವಾರ ಸಂಜೆ ಮನೆಗೆ ಬಂದಾಗ ಮಾದೇವಸ್ವಾಮಿ ಜಗಲಿಯ ಮೇಲೆ ಯಾರದೋ ಕುಕ್ಕರಿನ ಹಿಡಿ ಬಿಗಿಮಾಡುತ್ತಿದ್ದ. ಪಕ್ಕದಲ್ಲಿ ದೊಡ್ಡ ಚೊಂಬಿನ ತುಂಬ ನೀರು. ಸಾಕಮ್ಮ ಮೆಟ್ಟಿಲ ಮೇಲೆ ಕುಳಿತು ಮಾರನೆಯ ದಿನದ ಸೊಪ್ಪು ಬಿಡಿಸುತ್ತಿದ್ದಳು.

"ಯಾಕೆ ದಾಕ್ಷಿ, ಮುಖ ಹೀಗಿದೆ? ಆ ದೇಸಾಯಿ ಬೈದಳಾ?" ಎಂದಳು ಸಾಕಮ್ಮ. "ನಮ್ಮ ಹೆಡ್ಮಾಸ್ಟ್ರು ಬೈದಾಗ ನಾನು ಅವರ ಸಾರಿಗೆ ಒಂದು ಹಿಡಿ ಉಪ್ಪು ಜಾಸ್ತಿ ಹಾಕ್ತೀನಿ. ನೀನೂ ಏನಾದ್ರೂ ಹಾಕು."

"ಅವಳು ಸೊನ್ನೆ ಹಾಕ್ತಾಳೆ ಬಿಡಿ," ಎಂದ ಮಾದೇವಸ್ವಾಮಿ.

ಇಬ್ಬರೂ ನಕ್ಕರು. ಅವನು ಚೊಂಬೆತ್ತಿ ಗಟಗಟನೆ ಕುಡಿದ. ದಾಕ್ಷಾಯಿಣಿ ಅವನ ಗಂಟಲು ಏರಿಳಿಯುವುದನ್ನೇ ನೋಡುತ್ತ ನಿಂತಳು.

ಜರಡಿಗೆ ಮುಂಚೆ, ಹನ್ನೊಂದು ವರ್ಷದ ಹಿಂದೆ, ಅವನಿಗೆ ದಿನಕ್ಕೆ ಎರಡು ಲೋಟ ನೀರು. ಬೇಸಿಗೆಯಲ್ಲಿ ಒದ್ದೆ ಬಟ್ಟೆ ಚೀಪುತ್ತಿದ್ದ. ಒಂದು ದಿನ, "ಸತ್ತರೆ ಸಾಯ್ತೀನಿ ಕಣೇ, ಒಂದು ಚೊಂಬು ಕೊಡು," ಎಂದು ಅವಳ ಕಾಲು ಹಿಡಿದುಕೊಂಡ. ಅವಳಿಗಾಗ ಇಪ್ಪತ್ತೆರಡು. ಕೊಟ್ಟಳು. ಆ ಸಂಜೆ ಅವನ ಶ್ವಾಸಕೋಶಕ್ಕೆ ನೀರು ತುಂಬಿ, ಆಟೋದಲ್ಲಿ ಅವನು ಮೀನಿನಂತೆ ಬಾಯಿ ಬಿಡುವುದನ್ನು ಇಡೀ ದಾರಿ ನೋಡಿದಳು. ಬದುಕಿದ. ಯಾರು ಕೊಟ್ಟರೆಂದು ಅವನು ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಕಚೇರಿಯಲ್ಲಿ ಮುನ್ನೋಟಕ್ಕೆ ಇನ್ನೊಂದು ಪ್ರಶ್ನೆ ಹಾಕಿದಳು. ಟಿಪ್ಪಣಿ ಇವತ್ತು ಹೋದರೆ, ಹೊರಡುವ ದಿನದೊಳಗೆ ಬೇರೆ ಸಾಲು ಸಿಗುವ ಸಾಧ್ಯತೆ ಎಷ್ಟು? ಹಿಂದಿನ ನಾನೂರು ಕಡತಗಳು ಮೇಜಿನಿಂದ ಮೇಜಿಗೆ ಹೋಗಲು ತೆಗೆದುಕೊಂಡ ದಿನ, ಮೂಡುನಾಡು ಹಿಂದೆ ಎಷ್ಟು ಸಲ ಮನಸ್ಸು ಬದಲಿಸಿತ್ತು ಎಂಬುದು, ಎಲ್ಲವನ್ನೂ ಗಣಕ ಲೆಕ್ಕ ಹಾಕಿತು. ಎಂಟರಲ್ಲಿ ಒಂದು.

ಎಂಟರಲ್ಲಿ ಒಂದು ಅಂದರೆ ಏನೂ ಇಲ್ಲ ಎಂದಲ್ಲ. ಹನ್ನೊಂದು ಸಾವಿರಕ್ಕೆ ಎಂಟರಲ್ಲಿ ಒಂದು ಅಂದರೆ, ಲೆಕ್ಕದ ಮಟ್ಟಿಗೆ, ಸಾವಿರದ ಮುನ್ನೂರ ಎಪ್ಪತ್ತೈದು ಜನ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಕಡೆ ಸಾವಿರದ ಮುನ್ನೂರ ಎಪ್ಪತ್ತೈದು, ಈ ಕಡೆ ಒಂದು. ಪರೀಕ್ಷೆಯಲ್ಲಿ ಬಂದಿದ್ದರೆ ಅರ್ಧ ನಿಮಿಷದ ಲೆಕ್ಕ.

ಅವಳು ಟಿಪ್ಪಣಿ ಬರೆದಳು. ಚೆನ್ನಾಗಿಯೇ ಬರೆದಳು, ಒಂದೂವರೆ ಪುಟ, ದಿನಚರಿಯ ಚಿತ್ರವನ್ನೂ ಸೇರಿಸಿದಳು. ಓದಿ ನೋಡಿ ಎರಡು ಕಡೆ ತಿದ್ದಿದಳು. ನಾಲ್ಕೂ ಇಪ್ಪತ್ತರವರೆಗೆ ಅದು ಅವಳ ಮುಂದೆ ಇತ್ತು. ಆಮೇಲೆ ಅಳಿಸಿದಳು. ದೃಢೀಕರಣದ ಹಾಳೆಯಲ್ಲಿ 'ತಪಾಸಣಾ ವೇಳೆ: 27 ನಿಮಿಷ' ಎಂಬುದರ ಎದುರಿಗೆ ಸಹಿ ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ 'ಮಹದೇವಸ್ವಾಮಿ, ಅಣ್ಣ, 41 ವರ್ಷ' ಎಂದು ಬರೆದಳು. ಅಕ್ಷರ ದುಂಡಗೆ ಬಂದಿತ್ತು.

*

ಹೊರಡುವ ದಿನ ನಿಯಂತ್ರಣ ಕೊಠಡಿಯಲ್ಲಿ ಎರಡು ಪರದೆಗಳಿದ್ದವು. ಒಂದರಲ್ಲಿ ಮುನ್ನೋಟ, ಇನ್ನೊಂದರಲ್ಲಿ ಕಲ್ಲುಗೋಡಿನ ಸೇತುವೆಯ ಕ್ಯಾಮೆರಾ. ಎಂಟು ಗಂಟೆಗೆ ಮುನ್ನೋಟದಲ್ಲಿ ನಲವತ್ತು ಲಾರಿ ದಾಟಿದ್ದವು, ಸೇತುವೆಯ ಮೇಲೆ ಮೂರು. ನಾಲ್ಕನೆಯದರ ಟಾರ್ಪಾಲು ಬಿಚ್ಚಿ ಪೆಟ್ಟಿಗೆಗಳನ್ನು ರಸ್ತೆಗೆ ಇಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾಲಿನ ತುದಿ ಕ್ಯಾಮೆರಾಕ್ಕೆ ಸಿಗುತ್ತಿರಲಿಲ್ಲ. ಯಾರೋ ಒಬ್ಬರು ಎದ್ದು ಮುನ್ನೋಟದ ಪರದೆ ಆರಿಸಿದರು. ಮಂತ್ರಿ ಟೀವಿಯಲ್ಲಿ, ಮೊದಲ ದಿನದ ಸಣ್ಣಪುಟ್ಟ ತೊಡಕು, ಎಂದರು. ದೇಸಾಯಿ ತಮ್ಮ ಕೋಣೆಯಿಂದ ಹೊರಗೆ ಬರಲೇ ಇಲ್ಲ.

ಮೂರನೆಯ ದಿನ ಹಂಚಿಕೆ ಕೇಂದ್ರದ ಮುಂದೆ ಜನ ಬೆಳಗಿನಿಂದ ನಿಂತಿದ್ದರು. ಕೊಟ್ಟ ಜರಡಿಗಳಲ್ಲಿ ಹೆಚ್ಚಿನವು ಬೂದುಬಣ್ಣಕ್ಕೆ ತಿರುಗಿದ್ದವು. ಕೋಶ ಸತ್ತರೆ ಆ ಬಣ್ಣ. ಆದರೂ ತೆಗೆದುಕೊಂಡು ಹೋಗಿ ಕಟ್ಟಿಕೊಂಡರು. ಸಾಕಮ್ಮನಿಗೆ ಸಿಕ್ಕಿದ್ದು ಅರ್ಧ ಬೂದು, ಅರ್ಧ ಗುಲಾಬಿ.

ಅದೇ ಬೆಳಿಗ್ಗೆ ದಾಕ್ಷಾಯಿಣಿ ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪರೀಕ್ಷೆಗೆ ಎಂದಿದ್ದಳು. ಹಳೆಯ ಯಂತ್ರವನ್ನು ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ನರ್ಸು ಅವನ ಮಣಿಕಟ್ಟಿಗೆ ಸಂಖ್ಯೆಯಿದ್ದ ನೀಲಿ ಪಟ್ಟಿ ಹಾಕಿದಳು, ಸೊಂಟದ ಕೊಳವೆಗಳನ್ನು ಯಂತ್ರಕ್ಕೆ ಜೋಡಿಸಿದಳು. ಯಂತ್ರ ಗುರ್ ಎನ್ನತೊಡಗಿತು. ಗೇಟಿನ ಹೊರಗಿನ ಕೂಗಾಟ ಅಲ್ಲಿಯ ತನಕ ಕೇಳುತ್ತಿತ್ತು.

"ಬೇರಿಂಗ್ ಹೋಗಿದೆ ಇದರದ್ದು," ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಬೀದಿಯಿಂದ ಇನ್ಯಾರು ಬಂದಿದಾರೆ?"

"ನೀನೊಬ್ಬನೇ."

"ಅದು ಹೇಗೆ?"

ಅವಳು ಹೇಳಿದಳು. ಕಾಯಿ, ಆರು ಗಂಟೆ, ಹನ್ನೆರಡು ಲಾರಿ, ಸಹಿ, ಪಟ್ಟಿ. ಎಂಟರಲ್ಲಿ ಒಂದು ಎಂಬುದನ್ನೂ ಬಿಡಲಿಲ್ಲ. ಹೇಳುವಾಗ ಅವಳು ಅಳಲಿಲ್ಲ. ಅವನು ಎದ್ದು ಕೊಳವೆ ಕಿತ್ತು ಹಾಕುತ್ತಾನೋ, ಅವಳ ಕೆನ್ನೆಗೆ ಹೊಡೆಯುತ್ತಾನೋ ಎಂದು ಕಾದಳು. ಎರಡರಲ್ಲಿ ಒಂದು ಆಗಿದ್ದರೂ ಅವಳಿಗೆ ಹಗುರವಾಗುತ್ತಿತ್ತು.

ಮಾದೇವಸ್ವಾಮಿ ಮೇಲಿನ ಫ್ಯಾನು ನೋಡುತ್ತ ಮಲಗಿದ್ದ.

"ಸಾಕಮ್ಮಕ್ಕ?" ಎಂದ.

"ಒಂಬತ್ತನೇ ದಿನ ಅಂತ ಲೆಕ್ಕ ಇತ್ತು."

ಅವನು ಮತ್ತೆ ಫ್ಯಾನಿನ ಕಡೆ ತಿರುಗಿದ. ನಾಲ್ಕು ಗಂಟೆ ಪೂರ್ತಿ ಅಲುಗಾಡದೆ ಮಲಗಿದ್ದ. ಆರನೆಯ ದಿನ ಅವಳು ಎಬ್ಬಿಸುವ ಮೊದಲೇ ಎದ್ದು, ಅಂಗಿ ಹಾಕಿಕೊಂಡು ರೆಡಿಯಾಗಿ ಕುಳಿತಿದ್ದ. ನಾಗಮಣಿಗೆ ಅವನೇ ಹೇಳಿದ್ದಿರಬೇಕು. ಅವಳು ದಾಕ್ಷಾಯಿಣಿಗೆ ತಟ್ಟೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

*

ಎಂಟನೆಯ ದಿನ ಬೆಳಿಗ್ಗೆ ಸಾಕಮ್ಮ ಬಂದಳು. ಗೇಟಿನಿಂದ ಜಗಲಿಗೆ ಹತ್ತು ಹೆಜ್ಜೆ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಮುಖ ಊದಿ ಕಣ್ಣುಗಳು ಒಳಸೇರಿದ್ದವು, ಬಳೆಗಳು ಕೈಗೆ ಕಚ್ಚಿಕೊಂಡಿದ್ದವು. ಸೊಂಟದಲ್ಲಿ ಪೂರ್ತಿ ಬೂದಾದ ಜರಡಿ ಇನ್ನೂ ಇತ್ತು. ಸತ್ತದ್ದನ್ನು ಕಟ್ಟಿಕೊಳ್ಳಬಾರದು, ವಿಷವಾಗುತ್ತದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಯಾರೂ ಬಿಚ್ಚುತ್ತಿರಲಿಲ್ಲ.

ಅವಳು ಗೇಟು ತೆಗೆದ ಸದ್ದಿಗೆ ಮಾದೇವಸ್ವಾಮಿ ಹೆಗಲ ಮೇಲಿನ ಟವೆಲು ಎಳೆದು ಮಣಿಕಟ್ಟಿಗೆ ಸುತ್ತಿಕೊಂಡ. ದಾಕ್ಷಾಯಿಣಿ ಬಾಗಿಲಲ್ಲಿ ನಿಂತಿದ್ದಳು.

"ಮಾದೇವ, ನಿಂಗೆ ಒಳ್ಳೇದು ಸಿಕ್ತೇನೋ?"

"ಎಲ್ಲಿ ಅಕ್ಕ. ನಂದೂ ಅದೇ ಕಥೆ."

ಸಾಕಮ್ಮ ಮೆಟ್ಟಿಲ ಮೇಲೆ ಮೆಲ್ಲಗೆ ಇಳಿದು ಕುಳಿತು ಅವನನ್ನು ನೋಡಿದಳು. "ನಿನ್ನ ಮುಖ ಚೆನ್ನಾಗಿದೆ ಕಣೋ."

"ನೀರು ಬಿಟ್ಟಿದೀನಿ ಅಕ್ಕ. ಒಂದು ತೊಟ್ಟೂ ಮುಟ್ಟಿಲ್ಲ. ಅದಕ್ಕೇ ಊದಿಲ್ಲ."

"ಹೌದೇನೋ?" ಅವಳಿಗೆ ಅದು ನಿಜವೆನಿಸಿತು. ಏನಾದರೂ ನಿಜವೆನಿಸಬೇಕಿತ್ತು. "ನಾನು ನಿನ್ನೇನೂ ಎರಡು ಲೋಟ ಕುಡಿದ್ನಲ್ಲೋ. ಇವತ್ತಿಂದ ಬಿಡ್ತೀನಿ." ದಾಕ್ಷಾಯಿಣಿಯ ಕಡೆ ತಿರುಗಿದಳು. "ಆಫೀಸಲ್ಲಿ ಏನಂತಾರೆ ದಾಕ್ಷಿ? ಯಾವಾಗ ಸರಿ ಹೋಗುತ್ತಂತೆ?"

"ಈ ವಾರದೊಳಗೆ ಅಂತಾರೆ ಅಕ್ಕ."

"ಈ ವಾರ ಅಂದ್ರೆ, ಇವತ್ತು ಗುರುವಾರ. ಇನ್ನೆಷ್ಟು, ಎರಡು ದಿನ." ಅವಳು ಬೆರಳು ಮಡಿಸಿ ಎಣಿಸಿದಳು. "ನಾಗಮಣೀನ ಕರಿ. ಈ ಕೊಳವೆ ಯಾಕೋ ಉರೀತಿದೆ, ಒಂಚೂರು ನೋಡ್ಲಿ."

ನಾಗಮಣಿ ಬಂದಳು. ಕೈಗವಸು ಹಾಕಿಕೊಂಡು, ಎಂದಿನಂತೆ ಕೆಳಗೆ ಕುಳಿತು, ಕೊಳವೆಯ ಸುತ್ತ ಹತ್ತಿಯಲ್ಲಿ ಒರೆಸಿದಳು. ಅವಳ ಕೈ ನಡುಗುತ್ತಿತ್ತು. "ಇದೇನೇ, ನಿನಗೂ ವಯಸ್ಸಾಯ್ತಾ?" ಎಂದು ಸಾಕಮ್ಮ ನಗಲು ನೋಡಿದಳು. ನಾಗಮಣಿ ಅವಳ ರಟ್ಟೆ ಹಿಡಿದು ಎಬ್ಬಿಸಿ, ಹೆಜ್ಜೆ ಹೆಜ್ಜೆಯಾಗಿ ಅವಳ ಮನೆಗೆ ಬಿಡಲು ಹೋದಳು.

ಅಣ್ಣ ತಂಗಿ ಇಬ್ಬರೇ ಉಳಿದರು. ಪಕ್ಕದ ಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಮಾದೇವಸ್ವಾಮಿ ಟವೆಲು ಬಿಚ್ಚಿದ. ಮಣಿಕಟ್ಟಿನಲ್ಲಿ ಪಟ್ಟಿಯ ಕೆಳಗೆ ಬೆವತಿತ್ತು, ಒರೆಸಿಕೊಂಡ.

"ನಾಳೆ ಎಷ್ಟೊತ್ತಿಗೆ ಹೋಗ್ಬೇಕು?" ಎಂದ.

"ಏಳೂವರೆಗೆ."

"ಹಿತ್ತಲ ಬಾಗಿಲಿಂದ ಹೋಗೋಣ," ಎಂದ. "ಅಕ್ಕ ಎದ್ದು ಕೂತಿದ್ರೆ ನೋಡ್ತಾಳೆ."